ಮೊದಲು ಕುರ್ಚಿ ಎಣಿಸಿ, ಆಮೇಲೆ ನಾಟಕ ಸಾಗಿಸಿ

ಮಾನ್ಯ ಸಂಪಾದಕರೇ,

ಲಂಡನ್ನಿನ ಯಾವುದೋ ಪುಟ್ಟ ರಂಗಮಂದಿರದಲ್ಲಿ ಗೆದ್ದ ಸಂಗೀತ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ 'ಜಿಗಿಯಿತು' ಎಂದು ಸಾಂಸ್ಕೃತಿಕ ಪುಟಗಳಲ್ಲಿ ಆಗಾಗ ಓದುತ್ತೇವೆ. ಜಿಗಿಯಿತು ಎನ್ನುವುದು ತಲೆಬರಹಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಓದಿದವರಿಗೆ, ನಾಟಕವನ್ನು ಪೆಟ್ಟಿಗೆಗೆ ತುಂಬಿ, ಹಡಗಿಗೆ ಹಾಕಿ, ಆಚೆ ದಡದಲ್ಲಿ ಬಿಚ್ಚಿದರೆ ಮುಗಿಯಿತು ಎನಿಸಿಬಿಡುತ್ತದೆ. ಹಾಗೆ ಬಿಚ್ಚಿ ನಿಲ್ಲಿಸಬಹುದಾದದ್ದು ನಿಜಕ್ಕೂ ಬಹಳ ಕಡಿಮೆ. ಒಳಗಿನ ಲೆಕ್ಕಾಚಾರ ಗೊತ್ತಿರುವವರು ಯಾರೂ ಕತೆ, ಹಾಡು, ತಾರೆಯರಿಂದ ಮಾತು ಶುರುಮಾಡುವುದಿಲ್ಲ. ಎಷ್ಟು ಕುರ್ಚಿಯ ಥಿಯೇಟರು ಎಂದು ಮೊದಲು ಕೇಳುತ್ತಾರೆ.

'ಆಪರೇಷನ್ ಮಿನ್ಸ್‌ಮೀಟ್' ನಾಟಕವನ್ನೇ ನೋಡಿ. 2019ರಲ್ಲಿ ಲಂಡನ್ನಿನ ನ್ಯೂ ಡಯೋರಮಾದಲ್ಲಿ ಶುರುವಾದಾಗ ಅದರ ಎದುರಿಗೆ ಇದ್ದದ್ದು 80 ಕುರ್ಚಿ. ಸದಕ್ ಪ್ಲೇಹೌಸ್, ರಿವರ್‌ಸೈಡ್ ಸ್ಟುಡಿಯೋಸ್ ದಾಟಿ 2023ರಲ್ಲಿ ಲಂಡನ್ನಿನ ವಾಣಿಜ್ಯ ರಂಗಭೂಮಿಯ ಕೇಂದ್ರವಾದ ವೆಸ್ಟ್ ಎಂಡಿನ ಫಾರ್ಚೂನ್ ಥಿಯೇಟರಿಗೆ ಬಂದಾಗ 432. 2025ರ ಮಾರ್ಚ್ 20ರಂದು ಬ್ರಾಡ್‌ವೇಯ ಗೋಲ್ಡನ್ ಥಿಯೇಟರಿನಲ್ಲಿ ಅಧಿಕೃತವಾಗಿ ತೆರೆ ಎದ್ದಾಗ ಸುಮಾರು 800. ಆರು ವರ್ಷದಲ್ಲಿ ಕುರ್ಚಿ ಹತ್ತು ಪಟ್ಟಾಯಿತು, ಆದರೆ ನಟರ ಸಂಖ್ಯೆ ಮಾತ್ರ ಅದೇ ಐದು. ನ್ಯೂಯಾರ್ಕಿಗೆ ಹೋಗುತ್ತಿದ್ದೇವಲ್ಲ ಎಂದು ಹದಿನೈದು ಮಂದಿಯ ನೃತ್ಯ ತಂಡವನ್ನು ಸೇರಿಸಲಿಲ್ಲ. ಐದೇ ಜನ ಟೋಪಿ, ಕೋಟು ಬದಲಿಸುತ್ತ ಹತ್ತಾರು ಪಾತ್ರ ಮಾಡುವುದೇ ಆ ನಾಟಕದ ತಮಾಷೆಯ ಬೇರು. ಅದನ್ನು ಕಿತ್ತರೆ ಉಳಿಯುವುದು ಎರಡನೆಯ ಮಹಾಯುದ್ಧದ ಒಂದು ಬೇಹುಗಾರಿಕೆ ಕತೆ ಮಾತ್ರ.

ಇದಕ್ಕೆ ತದ್ವಿರುದ್ಧವಾದದ್ದು 'ಟ್ಯಾಮಿ ಫೇ'. 2022ರಲ್ಲಿ ಲಂಡನ್ನಿನ ಅಲ್ಮೇಡಾದಲ್ಲಿ, 325 ಕುರ್ಚಿಯ ಎದುರು ಅದು ಚೆನ್ನಾಗಿಯೇ ಓಡಿತು. ಸಂಗೀತ ಎಲ್ಟನ್ ಜಾನ್ ಅವರದು, ನಾಯಕಿ ಕೇಟಿ ಬ್ರೇಬೆನ್‌ಗೆ ಬ್ರಿಟಿಷ್ ರಂಗಭೂಮಿಯ ಒಲಿವಿಯೆ ಪ್ರಶಸ್ತಿಯೂ ಬಂತು. 2024ರ ನವೆಂಬರ್ 14ರಂದು ಅದು ಬ್ರಾಡ್‌ವೇಯ ಪ್ಯಾಲೇಸ್ ಥಿಯೇಟರಿನಲ್ಲಿ ತೆರೆಯಿತು, 1,600 ಮೀರಿದ ಕುರ್ಚಿಗಳ ಎದುರು. ಡಿಸೆಂಬರ್ 8ಕ್ಕೆ ಮುಚ್ಚಿತು. ವಿಮರ್ಶೆ ಕಟುವಾಗಿತ್ತು, ಚುನಾವಣೆಯ ಕಾಲ, ಅಮೆರಿಕದ ಟಿವಿ ಧರ್ಮಪ್ರಚಾರಕಿಯ ಕತೆಯನ್ನು ಇಂಗ್ಲಿಷರು ಹೇಳಲು ಹೊರಟಿದ್ದರು, ಹೀಗೆ ಕಾರಣಗಳನ್ನು ಎಷ್ಟು ಬೇಕಾದರೂ ಕೊಡಬಹುದು. ಆದರೆ ಬರೀ ಗುಣಾಕಾರ ಮಾಡಿ ನೋಡಿ. ವಾರಕ್ಕೆ ಎಂಟು ಪ್ರದರ್ಶನ. ಅಲ್ಮೇಡಾದಲ್ಲಿ ವಾರಕ್ಕೆ 2,600 ಟಿಕೆಟ್ ಮಾರಿದರೆ 'ಹೌಸ್‌ಫುಲ್' ಬೋರ್ಡು ತೂಗುಹಾಕಬಹುದು. ಪ್ಯಾಲೇಸಿನಲ್ಲಿ 12,800ಕ್ಕೂ ಹೆಚ್ಚು ಬೇಕು. ಅಲ್ಮೇಡಾದ ವಾರದ ಅಷ್ಟೂ ಪ್ರೇಕ್ಷಕರನ್ನು ಎತ್ತಿ ತಂದು ಕೂರಿಸಿದರೂ ಪ್ಯಾಲೇಸಿನ ಐದು ಕುರ್ಚಿಯಲ್ಲಿ ನಾಲ್ಕು ಖಾಲಿ. ಊರಲ್ಲಿ ಟಿಕೆಟ್ ಸಿಗುತ್ತಿರಲಿಲ್ಲ ಎಂಬ ಖ್ಯಾತಿ ಎಷ್ಟೋ ಸಲ ಕುರ್ಚಿ ಕಡಿಮೆ ಇದ್ದದ್ದರಿಂದಲೇ ಹುಟ್ಟಿರುತ್ತದೆ. ಅದನ್ನು ಬೇಡಿಕೆಯ ಅಳತೆಗೋಲು ಎಂದು ಹಿಡಿದವರು ಮೋಸಹೋಗುತ್ತಾರೆ.

ಬ್ರಾಡ್‌ವೇ ಎಂದರೆ ಒಂದು ಬೀದಿಯ ಹೆಸರು ನಿಜ, ಆದರೆ ವ್ಯವಹಾರದಲ್ಲಿ ಅದು ಕುರ್ಚಿಯ ಲೆಕ್ಕ. 500 ಅಥವಾ ಅದಕ್ಕಿಂತ ಹೆಚ್ಚು ಕುರ್ಚಿಯಿರುವ 41 ಥಿಯೇಟರುಗಳು ಮಾತ್ರ ಬ್ರಾಡ್‌ವೇ. 100ರಿಂದ 499ರವರೆಗಿನದು ಆಫ್ ಬ್ರಾಡ್‌ವೇ. ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಮೊದಲಿನದಕ್ಕೆ ಮಾತ್ರ. ಈ 41ರಲ್ಲಿ ಹೆಚ್ಚಿನವು ಶುಬರ್ಟ್, ನೆಡರ್‌ಲ್ಯಾಂಡರ್, ಎಟಿಜಿ ಎಂಬ ಮೂರು ಸಂಸ್ಥೆಗಳ ಕೈಯಲ್ಲಿವೆ. ಶುಬರ್ಟ್ ಒಂದರದೇ 17. ಹಾಗಾಗಿ ಹೊರದೇಶದ ನಿರ್ಮಾಪಕ 'ನನಗೆ ಇದು ಬೇಕು' ಎಂದು ಆರಿಸುವ ಸ್ಥಿತಿಯಲ್ಲಿ ಇರುವುದೇ ಇಲ್ಲ. ಸಾಲಿನಲ್ಲಿ ನಿಲ್ಲುತ್ತಾನೆ. ಅಪಾಯ ಶುರುವಾಗುವುದು ಇಲ್ಲೇ. ಸಣ್ಣ ಥಿಯೇಟರು ಖಾಲಿ ಇರುವುದಿಲ್ಲ, ದೊಡ್ಡದೊಂದು ಖಾಲಿ ಇರುತ್ತದೆ, ಮಾಲೀಕರು 'ಈ ಸೀಸನ್ನಿಗೆ ಇದೇ' ಎನ್ನುತ್ತಾರೆ, ಹೂಡಿಕೆದಾರರು ಅವಸರ ಮಾಡುತ್ತಾರೆ. ಆಗ ಇನ್ನೊಂದು ವರ್ಷ ಕಾಯುತ್ತೇವೆ ಎನ್ನುವ ಧೈರ್ಯ ಬೇಕು. ಗೋಲ್ಡನ್ನಿನಲ್ಲೇ 2003ರಿಂದ 2009ರವರೆಗೆ ಓಡಿದ 'ಅವೆನ್ಯೂ ಕ್ಯೂ' ಕೂಡ ವಿನ್‌ಯಾರ್ಡ್ ಎಂಬ ಪುಟ್ಟ ಆಫ್ ಬ್ರಾಡ್‌ವೇ ಥಿಯೇಟರಿನಿಂದ ಬಂದದ್ದು. ಬ್ರಾಡ್‌ವೇ ಮುಗಿಸಿದ ಮೇಲೆ ಅದು 499 ಕುರ್ಚಿಯ ಆಫ್ ಬ್ರಾಡ್‌ವೇ ಜಾಗಕ್ಕೆ ಇಳಿದು ಮತ್ತೆ ಹತ್ತು ವರ್ಷ ಓಡಿತು. ಇಳಿಯುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ದುಡ್ಡಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2024–25ರ ಬ್ರಾಡ್‌ವೇ ಸೀಸನ್ನಿನಲ್ಲಿ ಒಟ್ಟು ಗಳಿಕೆ ಸುಮಾರು 189 ಕೋಟಿ ಡಾಲರ್, ಬಂದ ಪ್ರೇಕ್ಷಕರು ಸುಮಾರು 1.47 ಕೋಟಿ. ಭಾಗಿಸಿದರೆ ಸರಾಸರಿ ಟಿಕೆಟ್ 129 ಡಾಲರ್ ಆಸುಪಾಸು. ಈಗ 800 ಕುರ್ಚಿಯ ಥಿಯೇಟರನ್ನು ಹಿಡಿಯಿರಿ. ವಾರಕ್ಕೆ 6,400 ಟಿಕೆಟ್. ಶೇ 85 ತುಂಬಿದರೆ 5,440 ಟಿಕೆಟ್, ಅಂದರೆ ಸುಮಾರು 7 ಲಕ್ಷ ಡಾಲರ್. ಇನ್ನು ಮುಂದಿನ ಅಂಕಿಗಳು ಲೆಕ್ಕ ತಿಳಿಯಲೆಂದು ನಾನೇ ಇಟ್ಟುಕೊಂಡವು. ಕಾರ್ಡ್ ಶುಲ್ಕ, ಗುಂಪು ಟಿಕೆಟಿನ ಕಮಿಷನ್ ಇತ್ಯಾದಿಗೆ ಶೇ 10 ಕಳೆಯಿರಿ, 6.3 ಲಕ್ಷ ಉಳಿಯಿತು. ಸಂಬಳ, ಬಾಡಿಗೆ, ಜಾಹೀರಾತು, ದೀಪ-ಧ್ವನಿ ಸಲಕರಣೆಯ ಬಾಡಿಗೆ ಎಲ್ಲ ಸೇರಿ ವಾರದ ಖರ್ಚು 5.5 ಲಕ್ಷ ಎಂದುಕೊಳ್ಳಿ. ಉಳಿದದ್ದು 82 ಸಾವಿರ. ಇದರಲ್ಲಿ ಲೇಖಕರು, ಸಂಗೀತಗಾರರು, ನಿರ್ದೇಶಕರು, ವಿನ್ಯಾಸಕರ ರಾಯಲ್ಟಿ ಪಾಲು ಶೇ 35 ಹೋದರೆ ಹೂಡಿಕೆದಾರರ ಕೈಗೆ ವಾರಕ್ಕೆ 53 ಸಾವಿರ. ಹಾಕಿದ ಬಂಡವಾಳ 1.2 ಕೋಟಿ ಡಾಲರ್ ಆಗಿದ್ದರೆ ಅಸಲು ವಾಪಸಾಗಲು 226 ವಾರ. ನಾಲ್ಕು ವರ್ಷಕ್ಕಿಂತ ಹೆಚ್ಚು!

ಅದೇ ಥಿಯೇಟರು ಶೇ 95 ತುಂಬಿ, ಸರಾಸರಿ ಟಿಕೆಟ್ 150 ಡಾಲರಿಗೆ ಏರಿದರೆ? ಅದೇ ಲೆಕ್ಕದಲ್ಲಿ 68 ವಾರ. ಪ್ರೇಕ್ಷಕರು ಹೆಚ್ಚಿದ್ದು ಹತ್ತು ಕುರ್ಚಿಗೆ ಒಬ್ಬರಂತೆ, ಟಿಕೆಟ್ ಏರಿದ್ದು 21 ಡಾಲರ್, ಕಾಯುವ ಕಾಲ ಮಾತ್ರ ಮೂರನೇ ಒಂದಕ್ಕಿಂತ ಕಡಿಮೆ. ಖರ್ಚು ನಿಂತಲ್ಲೇ ನಿಂತಿರುವಾಗ ಮೇಲಿನ ತುದಿಯ ಕೆಲವೇ ಟಿಕೆಟುಗಳು ಇಡೀ ಲಾಭವನ್ನು ಹೊರುತ್ತವೆ. ತುಂಬಿದ ಸಣ್ಣ ಮನೆಯಲ್ಲಿ (ಥಿಯೇಟರನ್ನು ಅಲ್ಲಿ 'ಹೌಸ್', ಅಂದರೆ ಮನೆ ಎನ್ನುತ್ತಾರೆ) ಟಿಕೆಟ್ ದರ ಏರಿಸಬಹುದು. ಅರ್ಧ ಖಾಲಿಯಾದ ದೊಡ್ಡ ಮನೆಯಲ್ಲಿ ಟೈಮ್ಸ್ ಸ್ಕ್ವೇರಿನ ರಿಯಾಯಿತಿ ಕೌಂಟರಿಗೆ ಟಿಕೆಟ್ ಸುರಿಯಬೇಕಾಗುತ್ತದೆ, ಸರಾಸರಿ ಇನ್ನೂ ಕುಸಿಯುತ್ತದೆ, ದೊಡ್ಡ ಮನೆಯ ಖರ್ಚು ಮಾತ್ರ ಇಳಿಯದು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಥಿಯೇಟರ್ ಒಪ್ಪಂದದಲ್ಲಿ ಕಣ್ಣಿಟ್ಟು ಓದಬೇಕಾದ ಷರತ್ತು ಒಂದಿದೆ. ಮಾಲೀಕರು ನಿಗದಿತ ಬಾಡಿಗೆ ಜೊತೆಗೆ ಗಳಿಕೆಯಲ್ಲಿ ಶೇಕಡಾವಾರು ಪಾಲನ್ನೂ ತೆಗೆದುಕೊಳ್ಳುತ್ತಾರೆ. ಬಾಗಿಲು ಕಾಯುವವರು, ಟಿಕೆಟ್ ಕೊಡುವವರು, ಶುಚಿ ಮಾಡುವವರ ಸಂಬಳವೂ ನಾಟಕದ ತಲೆಗೇ. ಅದರ ಮೇಲೆ, ಗಳಿಕೆ ಒಪ್ಪಿದ ಮೊತ್ತಕ್ಕಿಂತ ಸತತ ಎರಡು ವಾರ ಕೆಳಗಿಳಿದರೆ ನಾಟಕವನ್ನು ಎಬ್ಬಿಸುವ ಹಕ್ಕು ಮಾಲೀಕರಿಗೆ ಇರುತ್ತದೆ. ಇದನ್ನು ಅಲ್ಲಿ 'ಸ್ಟಾಪ್ ಕ್ಲಾಜ್' ಎನ್ನುತ್ತಾರೆ. ಆ ಮೊತ್ತವನ್ನು ಎಷ್ಟಕ್ಕೆ ಇಳಿಸಿಕೊಂಡಿರಿ, ಜನವರಿ-ಫೆಬ್ರುವರಿಯ ಬಡ ವಾರಗಳಿಗೆ ವಿನಾಯಿತಿ ಪಡೆದಿರೋ ಇಲ್ಲವೋ ಎಂಬುದು ಮೊದಲ ರಾತ್ರಿಯ ಚಪ್ಪಾಳೆಗಿಂತ ಮುಖ್ಯ.

ಇದಕ್ಕೆ ಹೊಂದಿಕೊಂಡೇ ಕಾಲದ ಆಯ್ಕೆ ಬರುತ್ತದೆ. ಟೋನಿ ಪ್ರಶಸ್ತಿಗೆ ಅರ್ಹತೆ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮುಗಿಯುತ್ತದೆ, ಪ್ರಶಸ್ತಿ ಜೂನಿನಲ್ಲಿ. ಮಾರ್ಚ್-ಏಪ್ರಿಲಿನಲ್ಲಿ ತೆರೆದರೆ ಮತದಾರರ ನೆನಪು ಹಸಿಯಾಗಿರುತ್ತದೆ, ಆದರೆ ಎಲ್ಲರೂ ಆಗಲೇ ತೆರೆಯುವುದರಿಂದ ನೂಕುನುಗ್ಗಲು. ಶರತ್ಕಾಲದಲ್ಲಿ ತೆರೆದರೆ ಸದ್ದು ಕಡಿಮೆ, ಆದರೆ ಚಳಿಗಾಲ ದಾಟಬೇಕು. 'ಮೇಬಿ ಹ್ಯಾಪಿ ಎಂಡಿಂಗ್' ಈ ಎರಡನೆಯ ದಾರಿ ಹಿಡಿಯಿತು. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಕೊರಿಯನ್ ಭಾಷೆಯಲ್ಲಿ, ಸಣ್ಣ ಥಿಯೇಟರಿನಲ್ಲಿ ಹುಟ್ಟಿದ ನಾಟಕ ಅದು. 2020ರ ಆರಂಭದಲ್ಲಿ ಅಟ್ಲಾಂಟಾದ ಅಲಯನ್ಸ್ ಥಿಯೇಟರಿನಲ್ಲಿ ಇಂಗ್ಲಿಷಿನಲ್ಲಿ ಪರೀಕ್ಷೆಯಾಯಿತು. 2024ರ ನವೆಂಬರ್ 12ರಂದು ಬ್ರಾಡ್‌ವೇಯ ಬೆಲಾಸ್ಕೊದಲ್ಲಿ ತೆರೆಯಿತು. ಆರಂಭದ ವಾರಗಳ ಗಳಿಕೆ ನೋಡಿದವರು ಕ್ರಿಸ್‌ಮಸ್‌ವರೆಗೂ ಬದುಕದು ಎನ್ನುವಂತಿತ್ತು. ಬಾಯಿಂದ ಬಾಯಿಗೆ ಹರಡಿ ನಿಧಾನವಾಗಿ ಏರಿ, ಮುಂದೆ ವಾರಕ್ಕೆ 10 ಲಕ್ಷ ಡಾಲರ್ ದಾಟಿತು; 2025ರ ಜೂನ್ 8ರಂದು ಅತ್ಯುತ್ತಮ ಸಂಗೀತ ನಾಟಕವೂ ಸೇರಿ ಆರು ಟೋನಿ ಗೆದ್ದಿತು. ಆ ಬಡ ವಾರಗಳನ್ನು ದಾಟಲು ಕೈಯಲ್ಲಿ ಮೀಸಲು ಹಣ ಇರಲೇಬೇಕು. ಬಂಡವಾಳದ ಪಟ್ಟಿ ಬರೆಯುವಾಗ ಸೆಟ್ಟು, ಬಟ್ಟೆ, ಜಾಹೀರಾತಿಗೆ ಧಾರಾಳವಾಗಿ ಬರೆದು, ಮೀಸಲನ್ನು ಕೊನೆಯಲ್ಲಿ ಉಳಿದಷ್ಟು ಎಂದು ಬಿಡುವುದು ಸಾಮಾನ್ಯ ತಪ್ಪು. ಹೊರದೇಶದಿಂದ ಬಂದ, ತಾರೆಯಿಲ್ಲದ, ಹೆಸರು ಗೊತ್ತಿಲ್ಲದ ನಾಟಕಕ್ಕೆ ಎಂಟು-ಹತ್ತು ವಾರದ ನಷ್ಟ ತುಂಬುವಷ್ಟು ಮೀಸಲು ಇಲ್ಲದಿದ್ದರೆ ತೆರೆಯದಿರುವುದೇ ಮೇಲು.

ಹಣ ಎತ್ತುವ ವಿಧಾನವೂ ಬೇರೆ. ಅಮೆರಿಕದಲ್ಲಿ ಪ್ರತಿ ನಾಟಕಕ್ಕೂ ಒಂದು ಪ್ರತ್ಯೇಕ ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ ಕಟ್ಟುತ್ತಾರೆ. ನಾಟಕದ ಪಾಲು ಮಾರುವುದನ್ನು ಅಲ್ಲಿನ ಕಾನೂನು ಷೇರು ಮಾರಿದಂತೆಯೇ ನೋಡುತ್ತದೆ. ಆದ್ದರಿಂದ ಷೇರು ನಿಯಂತ್ರಣ ಆಯೋಗದ 'ರೆಗ್ಯುಲೇಷನ್ ಡಿ' ವಿನಾಯಿತಿಯಡಿ, ಮೊದಲ ಪಾಲು ಮಾರಿದ 15 ದಿನದೊಳಗೆ ಫಾರ್ಮ್ ಡಿ ಸಲ್ಲಿಸಬೇಕು. ಹಣ ಹಾಕುವವರು ಸಾಮಾನ್ಯವಾಗಿ 'ಅಕ್ರೆಡಿಟೆಡ್' ಹೂಡಿಕೆದಾರರು: ವಾಸದ ಮನೆ ಬಿಟ್ಟು 10 ಲಕ್ಷ ಡಾಲರಿಗಿಂತ ಹೆಚ್ಚು ಆಸ್ತಿ, ಇಲ್ಲವೇ ವರ್ಷಕ್ಕೆ 2 ಲಕ್ಷ ಡಾಲರಿಗಿಂತ ಹೆಚ್ಚು ಆದಾಯ ಇರುವವರು. ಬ್ರಿಟನ್ನಿನಲ್ಲಿ ಸಿಗುವ ರಂಗ ತೆರಿಗೆ ರಿಯಾಯಿತಿ ಅಲ್ಲಿನ ಖರ್ಚಿಗೆ ಮಾತ್ರ. ನ್ಯೂಯಾರ್ಕಿನಲ್ಲಿ ಸುರಿದ ದುಡ್ಡಿಗೆ ಅದು ಅನ್ವಯವಾಗದು. ಲಂಡನ್ನಿನ ಬಜೆಟ್ಟನ್ನು ಡಾಲರಿಗೆ ಪರಿವರ್ತಿಸಿ ಒಂದಿಷ್ಟು ಸೇರಿಸುವ ನಿರ್ಮಾಪಕರು ಮೊದಲು ಎಡವುವುದು ಇಲ್ಲಿ. ಪರಿವರ್ತಿಸಬೇಡಿ, ಸೊನ್ನೆಯಿಂದ ಬರೆಯಿರಿ.

ಹಕ್ಕುಗಳ ಕಾಗದವನ್ನೂ ಮೊದಲೇ ತೆಗೆದು ನೋಡಬೇಕು. ಮೂಲ ನಿರ್ಮಾಪಕರಿಗೆ ಲೇಖಕರು ಕೊಟ್ಟ ಅನುಮತಿಯಲ್ಲಿ ಅಮೆರಿಕ ಸೇರಿದೆಯೇ, ಲಂಡನ್ ಪ್ರದರ್ಶನ ಮುಗಿದ ಎಷ್ಟು ತಿಂಗಳೊಳಗೆ ಅದನ್ನು ಬಳಸಿಕೊಳ್ಳಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಅವಧಿ ಮೀರಿದರೆ ಹಕ್ಕು ಲೇಖಕರಿಗೆ ಮರಳುತ್ತದೆ. ನಾಟಕದ ನಡುವೆ ಬರುವ ಹಳೆಯ ರೇಡಿಯೋ ತುಣುಕು, ಪರದೆಯ ಮೇಲಿನ ಛಾಯಾಚಿತ್ರ, ಬೇರೆಯವರ ಹಾಡಿನ ಎರಡು ಸಾಲು, ಇವಕ್ಕೆ ಸಣ್ಣ ತಂಡ 'ಬ್ರಿಟನ್ ಮತ್ತು ಐರ್ಲೆಂಡ್' ಎಂದಷ್ಟೇ ಅನುಮತಿ ಪಡೆದಿರುತ್ತದೆ. ಉತ್ತರ ಅಮೆರಿಕಕ್ಕೆ ಬೇರೆ ಪಡೆಯಬೇಕು. ಎಂಬತ್ತು ಕುರ್ಚಿಗೆ ಪುಕ್ಕಟೆ ಕೊಟ್ಟವರು ಎಂಟುನೂರು ಕುರ್ಚಿಗೆ ಪುಕ್ಕಟೆ ಕೊಡುವುದಿಲ್ಲ.

ಇನ್ನು ಸಾಮಾನು. ಹಡಗಿನಲ್ಲಿ ತರುವುದು ಅಗ್ಗ ಎಂದು ಕಾಣುತ್ತದೆ. ನಲವತ್ತು ಅಡಿಯ ಎತ್ತರದ ಕಂಟೇನರಿನ ಬಾಗಿಲು ಸುಮಾರು 2.58 ಮೀಟರ್ ಎತ್ತರ, 2.34 ಮೀಟರ್ ಅಗಲ. ಅಗಲ, ಎತ್ತರ ಎರಡೂ ನಾಲ್ಕು ಮೀಟರ್ ಇರುವ ಗೋಡೆಯೊಂದು ಸೆಟ್ಟಿನಲ್ಲಿದ್ದರೆ ಅದನ್ನು ಕತ್ತರಿಸಿ, ಕೀಲು ಹಾಕಿ, ಆಚೆ ಕಡೆ ಮತ್ತೆ ಬಣ್ಣ ಬಳಿಯಬೇಕು. ಮರದ ಪೆಟ್ಟಿಗೆಗಳಿಗೆ ಶಾಖ ಕೊಟ್ಟು ಕೀಟ ಕೊಂದ ಐಎಸ್‌ಪಿಎಂ 15 ಮುದ್ರೆ ಇಲ್ಲದಿದ್ದರೆ ಬಂದರಿನಲ್ಲೇ ತಡೆಯುತ್ತಾರೆ. ತಾತ್ಕಾಲಿಕ ಆಮದಿನ ಎಟಿಎ ಕಾರ್ನೆ ಪತ್ರ ಒಂದು ವರ್ಷಕ್ಕೆ ಮಾತ್ರ. ನಾಟಕ ಗೆದ್ದು ಎರಡು ವರ್ಷ ಓಡಿದರೆ ಗೆಲುವೇ ಕಸ್ಟಮ್ಸ್ ತಲೆನೋವಾಗುತ್ತದೆ. ಪರದೆ, ಬಟ್ಟೆಗಳು ಬೆಂಕಿ ನಿರೋಧದ ಅಮೆರಿಕನ್ ಪರೀಕ್ಷೆಯನ್ನೇ ಪಾಸು ಮಾಡಬೇಕು. ಬ್ರಿಟಿಷ್ ಪ್ರಮಾಣಪತ್ರ ತೋರಿಸಿದರೆ ಸಾಲದು. ಇಷ್ಟೆಲ್ಲ ಕೂಡಿಸಿದರೆ ಸೆಟ್ಟನ್ನು ಅಲ್ಲೇ ಹೊಸದಾಗಿ ಕಟ್ಟಿಸಿ, ಬೇರೆ ಕಡೆ ಸಿಗದ ಕೈಪರಿಕರ, ಟೋಪಿ, ವಿಗ್ಗು, ಬೊಂಬೆಗಳನ್ನಷ್ಟೇ ತರುವುದು ಲೇಸು.

ದೀಪಗಳನ್ನಂತೂ ತರಲೇಬಾರದು. ಬ್ರಿಟನ್ನಿನಲ್ಲಿ 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಈಗಿನ ಎಲ್‌ಇಡಿ ದೀಪಗಳು ಎರಡನ್ನೂ ತಾಳುತ್ತವೆ, ನಿಜ. ಹಳೆಯ ಟಂಗ್‌ಸ್ಟನ್ ದೀಪ, ಡಿಮ್ಮರುಗಳು ತಾಳವು. ಗೋಡೆ ಸರಿಸುವ 400 ವೋಲ್ಟಿನ ಮೂರು ಫೇಸ್ ಮೋಟಾರನ್ನು ಅಲ್ಲಿನ 208 ವೋಲ್ಟಿಗೆ ಹಾಕಿದರೆ ಸುಸ್ತಾಗಿ ಬಿಸಿಯೇರುತ್ತದೆ. ಪ್ಲಗ್ಗುಗಳೂ ಬೇರೆ. ಒಂದೇ ಸಮಾಧಾನ, ದೀಪ ನೇತುಹಾಕುವ ಕೊಳವೆಯ ಹೊರವ್ಯಾಸ ಎರಡೂ ಕಡೆ ಸುಮಾರು 48.3 ಮಿಲಿಮೀಟರ್, ಅಮೆರಿಕದಲ್ಲಿ ಅದನ್ನು ಒಂದೂವರೆ ಇಂಚಿನ ಪೈಪು ಎನ್ನುತ್ತಾರೆ, ಕ್ಲಾಂಪು ಮಾತ್ರ ಹೊಂದುತ್ತದೆ. ಸಾಗಿಸಬೇಕಾದದ್ದು ದೀಪದ ಕ್ಯೂಗಳ, ಅಂದರೆ ಯಾವ ದೀಪ ಯಾವಾಗ ಬೆಳಗಬೇಕೆಂಬ ಸೂಚನೆಗಳ ಕಡತ ಮತ್ತು ನಕ್ಷೆ. ಆ ಕ್ಯೂಗಳನ್ನೂ ಹೊಸ ಎತ್ತರ, ಹೊಸ ಕೋನಕ್ಕೆ ಒಂದೊಂದಾಗಿ ತಿದ್ದಬೇಕು.

ರೇಡಿಯೋ ಮೈಕಿನದು ಇನ್ನೂ ಸೂಕ್ಷ್ಮ, ಇದನ್ನು ಮರೆತವರೇ ಹೆಚ್ಚು. ಬ್ರಿಟನ್ನಿನ ಸಣ್ಣ ತಂಡಗಳು ಅಚ್ಚುಮೆಚ್ಚಾಗಿ ಬಳಸುವುದು ಚಾನೆಲ್ 38, ಅಂದರೆ 606ರಿಂದ 614 ಮೆಗಾಹರ್ಟ್ಸ್‌ನ ಪಟ್ಟಿ. ಒಂದೇ ಲೈಸೆನ್ಸಿನಲ್ಲಿ ದೇಶದುದ್ದಕ್ಕೂ ನಡೆಯುತ್ತದೆ. ಅಮೆರಿಕದಲ್ಲಿ ಹೆಚ್ಚುಕಡಿಮೆ ಅದೇ ಜಾಗ, 608ರಿಂದ 614, ಚಾನೆಲ್ 37. ಅದನ್ನು ರೇಡಿಯೋ ಖಗೋಳವಿಜ್ಞಾನಕ್ಕೂ ಆಸ್ಪತ್ರೆಗಳಲ್ಲಿ ರೋಗಿಗಳ ಹೃದಯ ಬಡಿತ ಕಳಿಸುವ ಯಂತ್ರಗಳಿಗೂ ಮೀಸಲಿಟ್ಟಿದ್ದಾರೆ. ಅದರಾಚೆಯ 600 ಮೆಗಾಹರ್ಟ್ಸ್ ಪಟ್ಟಿಯ ಬಹುಭಾಗ ಮೊಬೈಲ್ ಕಂಪನಿಗಳ ಪಾಲಾಗಿ, 2020ರ ಜುಲೈ ನಂತರ ಅಲ್ಲಿ ಮೈಕು ಬಳಸುವಂತಿಲ್ಲ. ಅಂದರೆ ಲಂಡನ್ನಿನಲ್ಲಿ ವರ್ಷವಿಡೀ ತಕರಾರಿಲ್ಲದೆ ದುಡಿದ ಮೈಕು ಸೆಟ್ಟು ನ್ಯೂಯಾರ್ಕಿನಲ್ಲಿ ಆನ್ ಮಾಡಿದ ಕ್ಷಣವೇ ಕಾನೂನುಬಾಹಿರವಾಗಬಹುದು. ಥಿಯೇಟರುಗಳು ಒತ್ತೊತ್ತಾಗಿ ನಿಂತಿರುವ ಆ ನಾಲ್ಕಾರು ಬೀದಿಗಳಲ್ಲಿ ಉಳಿದ ತರಂಗಾಂತರಕ್ಕೂ ಪೈಪೋಟಿ. ಅಲ್ಲಿಯ ಬಾಡಿಗೆ ಕಂಪನಿಯಿಂದ ತೆಗೆದುಕೊಂಡು, ಅಕ್ಕಪಕ್ಕದ ನಾಟಕಗಳೊಂದಿಗೆ ಹೊಂದಿಸಿ ಹಂಚಿಕೊಳ್ಳುವುದೇ ದಾರಿ.

ಜನರ ವಿಷಯಕ್ಕೆ ಬಂದರೆ, ಸಣ್ಣ ತಂಡಕ್ಕೆ ದೊಡ್ಡ ಆಘಾತ ಕಾದಿರುವುದು ನೇಪಥ್ಯದಲ್ಲಿ. ಫ್ರಿಂಜ್ ಎನ್ನುವ ಸಣ್ಣ ಬಜೆಟ್ಟಿನ ನಾಟಕದಲ್ಲಿ ಸಹಾಯಕ ರಂಗನಿರ್ವಾಹಕಿಯೊಬ್ಬಳೇ ಕುರ್ಚಿ ಇಡುತ್ತಾಳೆ, ನಟನ ಕೋಟಿನ ಗುಂಡಿ ಹಾಕುತ್ತಾಳೆ, ಮೈಕಿನ ಬ್ಯಾಟರಿ ಬದಲಿಸುತ್ತಾಳೆ. ಬ್ರಾಡ್‌ವೇಯಲ್ಲಿ ಕುರ್ಚಿ ಮುಟ್ಟುವವರು, ಮೈಕು ಮುಟ್ಟುವವರು ರಂಗಕಾರ್ಮಿಕರ ಲೋಕಲ್ ಒನ್ ಸಂಘದವರು, ಅದರಲ್ಲೂ ಬೇರೆ ಬೇರೆ ವಿಭಾಗದವರು. ಕೋಟು ಮುಟ್ಟುವವರು ಉಡುಪಿನ ಸಂಘವಾದ ಲೋಕಲ್ 764ರವರು. ರಂಗನಿರ್ವಾಹಕರು ನಟರ ಸಂಘವಾದ ಈಕ್ವಿಟಿಯ ಸದಸ್ಯರು, ಅವರು ಪರಿಕರ ಎತ್ತುವಂತಿಲ್ಲ. ಒಬ್ಬಳ ಕೆಲಸಕ್ಕೆ ಮೂರು ಸಂಬಳ. ಇದನ್ನು ಅನ್ಯಾಯ ಎಂದು ಗೊಣಗುವ ನಿರ್ಮಾಪಕರಿದ್ದಾರೆ. ಆ ಸಂಬಳವನ್ನು ಪಟ್ಟಿಯಲ್ಲಿ ಬರೆಯದೆ ಹೋದದ್ದು ಅವರದೇ ತಪ್ಪು ಎಂದು ನನ್ನ ಅಭಿಪ್ರಾಯ. ಫ್ರಿಂಜಿನಲ್ಲಿ ಆ ಒಬ್ಬಳಿಗೆ ಸಿಗುತ್ತಿದ್ದದ್ದು ನ್ಯಾಯವಾದ ಕೂಲಿಯೂ ಆಗಿರಲಿಲ್ಲ.

ಮೂಲ ನಟರನ್ನು ಕರೆದೊಯ್ಯಲು ಎರಡು ಬಾಗಿಲು ದಾಟಬೇಕು. ಒಂದು ಸರ್ಕಾರದ್ದು. ಒ-1 ಅಥವಾ ಪಿ-2 ವರ್ಗದ ವೀಸಾಕ್ಕೆ ಅಮೆರಿಕದಲ್ಲಿರುವ ನಿರ್ಮಾಪಕರು ಅಥವಾ ಏಜೆಂಟರು ಫಾರ್ಮ್ ಐ-129 ಹಾಕಬೇಕು, ಜೊತೆಗೆ ಸಂಬಂಧಪಟ್ಟ ಸಂಘದ ಅಭಿಪ್ರಾಯ ಪತ್ರ. ಹೆಚ್ಚುವರಿ ಶುಲ್ಕ ಕಟ್ಟಿದರೆ ಅರ್ಜಿಯ ಮೇಲಿನ ಕ್ರಮ 15 ಕೆಲಸದ ದಿನಗಳಲ್ಲಿ ಬರುತ್ತದೆ, ಆದರೆ ರಾಯಭಾರ ಕಚೇರಿಯ ಸಂದರ್ಶನದ ದಿನ ಸಿಗುವುದು ಅದರಾಚೆಯ ಮಾತು. ಎರಡನೆಯ ಬಾಗಿಲು ಈಕ್ವಿಟಿಯದು. ವೀಸಾ ಇದ್ದ ಮಾತ್ರಕ್ಕೆ ಬ್ರಾಡ್‌ವೇಯಲ್ಲಿ ನಟಿಸುವಂತಿಲ್ಲ. ಅಂತರರಾಷ್ಟ್ರೀಯ ತಾರೆಯೇ, ಬೇರೆಯವರಿಂದ ಆಗದ ಪರಿಣತಿಯೇ, ಇಲ್ಲವೇ ಅಷ್ಟೇ ವಾರ ಅಮೆರಿಕನ್ ನಟರೊಬ್ಬರಿಗೆ ಲಂಡನ್ನಿನಲ್ಲಿ ಕೆಲಸ ಸಿಗುವ ವಿನಿಮಯವೇ ಎಂದು ಅವರು ಕೇಳುತ್ತಾರೆ. ಹಾಗಾಗಿ ತಾಲೀಮು ಶುರುವಾಗುವ ಆರು ತಿಂಗಳ ಮೊದಲೇ ಕಾಗದ ಓಡಾಡಬೇಕು. ಬದಲಿ ನಟರನ್ನು ಮೊದಲ ದಿನದಿಂದಲೇ ನ್ಯೂಯಾರ್ಕಿನಲ್ಲಿ ಆರಿಸಿಡುವುದು ಕ್ಷೇಮ. ಐದು ಜನ ಹತ್ತಾರು ಪಾತ್ರ ಮಾಡುವ ನಾಟಕದಲ್ಲಿ ಒಬ್ಬರಿಗೆ ಜ್ವರ ಬಂದರೆ ಕಾಣೆಯಾಗುವುದು ಒಂದು ಪಾತ್ರವಲ್ಲ, ಹದಿನೈದು.

ವಾದ್ಯಗಾರರ ಸಂಖ್ಯೆಯನ್ನು ಅಲ್ಲಿ ನಾಟಕಕ್ಕಿಂತ ಮೊದಲು ಕಟ್ಟಡ ನಿರ್ಧರಿಸುತ್ತದೆ ಎಂದರೆ ನಂಬುವುದು ಕಷ್ಟ. ಪ್ರತಿ ಥಿಯೇಟರಿಗೂ ವಾದ್ಯಗಾರರ ಸಂಘ ಲೋಕಲ್ 802 ಜೊತೆಗಿನ ಒಪ್ಪಂದದಲ್ಲಿ ಕನಿಷ್ಠ ಸಂಖ್ಯೆ ಬರೆದಿದೆ. ಅತಿ ದೊಡ್ಡ ಮನೆಗಳಲ್ಲಿ ಅದು 24ರಿಂದ 26 ಇತ್ತು. 2003ರ ಮಾರ್ಚಿನಲ್ಲಿ ನಾಲ್ಕು ದಿನ ಮುಷ್ಕರವಾಗಿ, ಬ್ರಾಡ್‌ವೇಯ ಬಹುತೇಕ ಎಲ್ಲ ಸಂಗೀತ ನಾಟಕಗಳು ನಿಂತು, ಕೊನೆಗೆ 18-19ಕ್ಕೆ ಇಳಿಯಿತು. ಸಣ್ಣ ಮನೆಗಳಲ್ಲಿ ಬೆರಳೆಣಿಕೆಯಷ್ಟು. ಕಲಾತ್ಮಕ ಕಾರಣ ಕೊಟ್ಟು ವಿನಾಯಿತಿ ಕೇಳಬಹುದು, ಆದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ ಎಂದು ಬಜೆಟ್ ಬರೆಯಬಾರದು. ನಾಲ್ವರು ನುಡಿಸುವ ನಾಟಕವನ್ನು ಹದಿನೆಂಟರ ಮನೆಗೆ ಒಯ್ದರೆ ಹೊಸ ವಾದ್ಯಸಂಯೋಜನೆಯ ಖರ್ಚು, ಪ್ರತಿ ವಾರದ ಸಂಬಳ, ಎಲ್ಲಕ್ಕಿಂತ ಮಿಗಿಲಾಗಿ ನಾಟಕದ ಸ್ವರವೇ ಬದಲಾಗುವ ಭಯ. 'ಸಿಕ್ಸ್' ನಾಟಕದಲ್ಲಿ ಆರು ಹಾಡುಗಾರ್ತಿಯರು, ವೇದಿಕೆಯ ಮೇಲೇ ನಾಲ್ವರು ವಾದ್ಯಗಾರ್ತಿಯರು, ಮಧ್ಯಂತರವಿಲ್ಲದ ಸುಮಾರು 80 ನಿಮಿಷ. 2017ರ ಎಡಿನ್‌ಬರೋ ಫ್ರಿಂಜಿನಲ್ಲಿ ವಿದ್ಯಾರ್ಥಿಗಳು ಕಟ್ಟಿದ ಪುಟ್ಟ ತಂಡದ ಆ ಅಳತೆಯನ್ನು ಬ್ರಾಡ್‌ವೇಯಲ್ಲೂ ಹಿಗ್ಗಿಸಲಿಲ್ಲ. ಅದರ ಉದ್ಘಾಟನೆ 2020ರ ಮಾರ್ಚ್ 12ಕ್ಕೆ ಇತ್ತು, ಕೋವಿಡ್‌ಗಾಗಿ ಬ್ರಾಡ್‌ವೇ ಬಾಗಿಲು ಹಾಕಿದ್ದು ಅದೇ ದಿನ. 2021ರ ಅಕ್ಟೋಬರಿನಲ್ಲಿ ಅಧಿಕೃತವಾಗಿ ತೆರೆದು, ಹಾಕಿದ ಬಂಡವಾಳವನ್ನು ಮರಳಿ ಗಳಿಸಿತು. ವಾರದ ಖರ್ಚು ಕಡಿಮೆ ಇದ್ದುದೇ ಅದರ ಬಲ.

ಹಿಗ್ಗಿಸುವ ಚಪಲ ಇಂದಿನದಲ್ಲ. 1953ರಲ್ಲಿ ಲಂಡನ್ನಿನ ಪ್ಲೇಯರ್ಸ್ ಥಿಯೇಟರ್ ಎಂಬ ಕ್ಲಬ್ಬಿನಲ್ಲಿ ಹುಟ್ಟಿದ 'ದಿ ಬಾಯ್ ಫ್ರೆಂಡ್' 1954ರ ಸೆಪ್ಟೆಂಬರ್ 30ರಂದು ಬ್ರಾಡ್‌ವೇಗೆ ಬಂತು. ಜೂಲಿ ಆಂಡ್ರ್ಯೂಸ್ ಅಲ್ಲಿನವರ ಕಣ್ಣಿಗೆ ಬಿದ್ದದ್ದು ಅದರಲ್ಲೇ. ಅಮೆರಿಕದ ನಿರ್ಮಾಪಕರು ವೇಗ, ಅಬ್ಬರ ಹೆಚ್ಚಿಸಲು ಹೊರಟಾಗ ಜಗಳವಾಗಿ, ನಾಟಕ ಬರೆದು ರಾಗ ಹಾಕಿದ ಸ್ಯಾಂಡಿ ವಿಲ್ಸನ್ ಮತ್ತು ನಿರ್ದೇಶಕಿ ವೈಡಾ ಹೋಪ್ ಇಬ್ಬರನ್ನೂ ತಾಲೀಮಿನಿಂದ ಹೊರಗಿಟ್ಟರು. ನ್ಯೂಯಾರ್ಕಿನಲ್ಲಿ ಅದು 485 ಪ್ರದರ್ಶನ ಕಂಡಿತು, ಸಣ್ಣ ಯಶಸ್ಸೇನಲ್ಲ. ಲಂಡನ್ನಿನಲ್ಲಿ ಮಾತ್ರ ಮೂಲರೂಪದಲ್ಲಿ ಐದು ವರ್ಷ ಓಡಿತು. ತಾಲೀಮಿಗೆ ಬರುವ ಹಕ್ಕು, ಒಪ್ಪಿಗೆಯಿಲ್ಲದೆ ಏನನ್ನೂ ಬದಲಿಸದಿರುವ ಷರತ್ತು, ಎರಡನ್ನೂ ಲೇಖಕರು ಇಂದು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ಹಾಗೆಂದು ಏನನ್ನೂ ಬದಲಿಸಬಾರದೆಂದಲ್ಲ. ಬ್ರಿಟಿಷ್ ಶಾಲೆ, ವರ್ಗ, ಸಂಸತ್ತಿನ ಮೇಲಿನ ನಗೆಹನಿಗಳು ಅಟ್ಲಾಂಟಿಕ್ ದಾಟುವಾಗ ನೆನೆದು ಸಪ್ಪಗಾಗುತ್ತವೆ. ಅವನ್ನು ವಿವರಿಸಲು ಇನ್ನೊಂದು ಸಾಲು ಸೇರಿಸುವುದು ತಪ್ಪು ಮದ್ದು. ವಿವರಿಸಿದ ಜೋಕು ಸತ್ತ ಜೋಕು. ತೆಗೆದುಹಾಕಿ, ಅದೇ ಜಾಗದಲ್ಲಿ ಪಾತ್ರದಿಂದಲೇ ಹುಟ್ಟುವ ಬೇರೊಂದು ನಗೆ ಇಡಬೇಕು. 'ಮೇಬಿ ಹ್ಯಾಪಿ ಎಂಡಿಂಗ್' ತನ್ನ ಕತೆಯನ್ನು ಅಮೆರಿಕಕ್ಕೆ ಎತ್ತಿಡಲಿಲ್ಲ, ಸೋಲ್‌ನಲ್ಲೇ ಬಿಟ್ಟಿತು. ಕತೆಯ ನಾಯಕನಾದ ರೋಬಾಟ್ ಸಾಕುವ ಗಿಡವನ್ನು ಇಂಗ್ಲಿಷಿನಲ್ಲೂ ಕೊರಿಯನ್ ಮಾತಿನಲ್ಲೇ 'ಹ್ವಾಬುನ್' ಎಂದು ಕರೆಯಿತು, ಅಂದರೆ ಹೂಕುಂಡ. ಸಾವಿರದಷ್ಟು ಕುರ್ಚಿಯ ಬೆಲಾಸ್ಕೊದಲ್ಲಿ ನಾಲ್ವರೇ ನಟರನ್ನು ಕಾಣಿಸುವುದು ಹೇಗೆ ಎಂಬ ಪ್ರಶ್ನೆಗೆ ವಿನ್ಯಾಸಕ ಡೇನ್ ಲ್ಯಾಫ್ರಿ ಕೊಟ್ಟ ಉತ್ತರ ಸೊಗಸಾದದ್ದು. ಕಪ್ಪು ಫಲಕಗಳು ನಾಲ್ಕೂ ಕಡೆಯಿಂದ ಕ್ಯಾಮೆರಾದ ಕಣ್ಣಿನಂತೆ ಮುಚ್ಚಿ ತೆರೆದು, ಬೃಹತ್ ವೇದಿಕೆಯಲ್ಲಿ ಬೇಕಾದಾಗ ಒಂದು ಪುಟ್ಟ ಕೋಣೆಯಷ್ಟನ್ನೇ ಉಳಿಸುತ್ತಿದ್ದವು. ಅವರಿಗೂ ಟೋನಿ ಬಂತು.

ಅಳತೆ ಬದಲಾದಾಗ ಕೆಡುವುದು ಸಮಯ. ವೇದಿಕೆಯ ಹಿಂಬದಿಯಿಂದ ಈಚೆ ಬದಿಗೆ ಓಡಿ ಕೋಟು ಬದಲಿಸಲು ಹಳೆಯ ಜಾಗದಲ್ಲಿ 8 ಸೆಕೆಂಡು ಹಿಡಿಯುತ್ತಿತ್ತು ಎನ್ನಿ. ಹೊಸ ಜಾಗದಲ್ಲಿ ಹಿಂದೆ ದಾರಿಯೇ ಇಲ್ಲ, ನೆಲಮಾಳಿಗೆಯ ಮೆಟ್ಟಿಲಿಳಿದು ಹತ್ತಬೇಕು, 12 ಸೆಕೆಂಡು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಆ ನಾಲ್ಕು ಸೆಕೆಂಡು ಎಂದರೆ ಎಂಟು ಬಡಿತ, ಅಂದರೆ ನಾಲ್ಕು ಬಡಿತದ ಎರಡು ಆವರ್ತ, ಎರಡು ಬಾರ್. ಯಾರೋ ಕೂತು ಆ ಎರಡು ಬಾರ್ ಸಂಗೀತ ಬರೆಯಬೇಕು, ಪ್ರತಿ ವಾದ್ಯದ ಹಾಳೆ ತಿದ್ದಬೇಕು, ವಾದ್ಯಗಾರರ ಕಿವಿಗೆ ತಾಳ ಕೊಡುವ ಕ್ಲಿಕ್ ಟ್ರ್ಯಾಕ್ ಮರುರೂಪಿಸಬೇಕು, ದೀಪದ ಕ್ಯೂ ಸರಿಸಬೇಕು, ವೇದಿಕೆಯ ಮೇಲೆ ಉಳಿದ ನಾಲ್ವರಿಗೆ ಆ ಹೊತ್ತಿನಲ್ಲಿ ಏನು ಕೆಲಸ ಎಂದು ಯೋಚಿಸಬೇಕು. ಇಂಥ ಹತ್ತು ಜಾಗ ಇದ್ದರೆ ತಾಂತ್ರಿಕ ತಾಲೀಮಿನ ಎರಡು ದಿನ ಕರಗಿತು. ದೊಡ್ಡ ಮನೆಯಲ್ಲಿ ನಗು ಹಿಂದಿನ ಸಾಲಿನವರೆಗೆ ಹೋಗಿ ಮರಳಿ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ; ಮುಂದಿನ ಮಾತನ್ನು ನಟರು ಎಷ್ಟು ತಡೆಹಿಡಿಯಬೇಕು ಎಂಬುದು ಪ್ರಿವ್ಯೂಗಳಲ್ಲಿ, ಅಂದರೆ ಉದ್ಘಾಟನೆಗೆ ಮೊದಲು ಪ್ರೇಕ್ಷಕರೆದುರು ಆಡುವ ಪ್ರದರ್ಶನಗಳಲ್ಲಿ ಮಾತ್ರ ತಿಳಿಯುತ್ತದೆ. ಆದ್ದರಿಂದಲೇ ಮೂರರಿಂದ ಐದು ವಾರದ ಪ್ರಿವ್ಯೂ. ವಿಮರ್ಶಕರು ಬರುವುದು ಕೊನೆಯ ಕೆಲವು ಪ್ರಿವ್ಯೂಗಳಿಗೆ, ಅಷ್ಟರೊಳಗೆ ತಿದ್ದುಪಡಿ ನಿಲ್ಲಬೇಕು. ಹಗಲು ಹೊಸ ಸಾಲು ಕಲಿತು ರಾತ್ರಿ ಹಳೆಯದನ್ನು ಆಡುವ ಸ್ಥಿತಿಯಲ್ಲಿ ಆಯಾಸದಿಂದ ಗಂಟಲು ಕಟ್ಟುವುದು, ಕಾಲು ಉಳುಕುವುದು ಆಗಲೇ.

ಮುಚ್ಚುವ ಖರ್ಚನ್ನೂ ತೆರೆಯುವ ಮೊದಲೇ ತೆಗೆದಿಡಬೇಕು. ನಟರ ಸಂಬಳದ ಭದ್ರತೆಗೆ ಈಕ್ವಿಟಿಯಲ್ಲಿ ಠೇವಣಿ ಇಟ್ಟೇ ತಾಲೀಮು ಶುರು. ಸೆಟ್ಟು ಇಳಿಸಿ ಲಾರಿಗೆ ಹಾಕುವ ಕಾರ್ಮಿಕರ ಕೂಲಿ, ಉಗ್ರಾಣದ ಬಾಡಿಗೆ, ಹೊರದೇಶದಿಂದ ಬಂದವರ ವಾಪಸು ವಿಮಾನ, ಬಾಡಿಗೆ ಮನೆಗಳ ಉಳಿದ ತಿಂಗಳುಗಳು, ಇವೆಲ್ಲ ನಾಟಕ ಸೋತ ವಾರದಲ್ಲೇ, ಗಲ್ಲಾಪೆಟ್ಟಿಗೆ ಬರಿದಾಗಿರುವಾಗಲೇ ಎದುರಾಗುತ್ತವೆ. ತಾಯ್ನಾಡಿನ ಪ್ರದರ್ಶನ ಎರಡನೆಯ ತಂಡದೊಂದಿಗೆ ಓಡುತ್ತಿದ್ದರೆ ಮರಳಲು ಒಂದು ಮನೆಯಾದರೂ ಇರುತ್ತದೆ. ಅದನ್ನೂ ಮುಚ್ಚಿ, ಮೂಲ ಸೆಟ್ಟನ್ನೂ ಒಡೆದು ಹೊರಟವರಿಗೆ ಅದೂ ಇಲ್ಲ.

ಸಂಪಾದಕರಲ್ಲಿ ಒಂದು ಸಣ್ಣ ಕೋರಿಕೆ: ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ಹಳೆಯ ಥಿಯೇಟರು, ಹೊಸ ಥಿಯೇಟರು ಎರಡರ ಹೆಸರಿನ ಪಕ್ಕದಲ್ಲೂ ಕುರ್ಚಿಗಳ ಸಂಖ್ಯೆಯನ್ನು ಅಚ್ಚು ಹಾಕಿಸಿ. ಜಾಗ ಹೆಚ್ಚೇನೂ ಹಿಡಿಯದು.

ಇಂತಿ,
ನಿಮ್ಮ ಪತ್ರಿಕೆಯ ಓದುಗ